ಕೊಟ್ಟ ಹಾಗೆಯೇ

“ಬಿಡಿ ಭಾವ, ಅದನ್ನ ನನ್ನಕ್ಕನ ಎದೆ ಮೇಲೆ ಇಡಬೇಡಿ!” ಎಂದು ನಾದಿನಿ ಧರ್ಮಗ್ರಂಥದ ಒಂದು ತುದಿ ಹಿಡಿದು ಎಳೆದಳು. ಇನ್ನೊಂದು ತುದಿ ಗಡಿಯಾರ ರಿಪೇರಿಯವನ ಕೈಯಲ್ಲಿತ್ತು. ಸತ್ತು ಮಲಗಿದ್ದ ಹೆಂಡತಿಯ ಮೇಲೆಯೇ ಇಬ್ಬರ ಜಗ್ಗಾಟ ನಡೆಯಿತು.

“ದಿನಾ ಕೇಳ್ತಿದ್ದಳಮ್ಮ ಇದನ್ನ.”

“ಕೇಳಿ ಕೇಳೀನೇ ಸತ್ತಳು. ಅವಳನ್ನ ಕೊಂದಿದ್ದು ಗಡ್ಡೆ ಅಲ್ಲ, ನೀವು ಓದಿ ಹೇಳಿದ ಆ ಒಂದು ಸಾಲು.”

ಕೋಣೆ ತುಂಬ ಕೂತಿದ್ದ ಜನ ನೆಲ ನೋಡಿದರು. ಸತ್ತವಳು ಕೆಲಸ ಮಾಡುತ್ತಿದ್ದ ಲಾಂಡ್ರಿಯ ಯಜಮಾನಿ ಮಾತು ತಿರುಗಿಸಲು ನೋಡಿದಳು: “ಇಸ್ತ್ರಿ ಅಂದ್ರೆ ಅವಳದೇ ಬಿಡಿ. ದಾರೀಲಿ ಹೋಗೋರ ಕಾಲರ್ ಸೊಟ್ಟಗಿದ್ರೂ ಕೈ ಸುಮ್ಮನಿರ್ತಿರ್ಲಿಲ್ಲ. ಒಂದ್ಸಲ ಪೊಲೀಸಿನೋನದ್ದೇ ಸರಿ ಮಾಡಿಬಿಟ್ಲು, ಪಾಪ, ಅವನು ಹೆದರ್ಕೊಂಡ!”

ಯಾರೋ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು.

*

ಆಗ ಹೆಂಡತಿಯ ಗಂಟು ಇನ್ನೂ ಚಿಕ್ಕದು, ಕೊಯ್ದು ತೆಗೆದರೆ ಬದುಕುತ್ತಾರೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವಳು ಮನೆಗೆ ಬಂದವಳೇ ಬಟ್ಟೆಗಳಿಗೆ ಇಸ್ತ್ರಿ ಹಾಕಿ, ಆಸ್ಪತ್ರೆಗೆಂದು ಚೀಲ ಕಟ್ಟಿಟ್ಟಳು.

ಬೇರೆಯವರು ಬಿಚ್ಚಿ ಕೆಡಿಸಿದ ಗಡಿಯಾರಗಳನ್ನೇ ಜೀವಮಾನವಿಡೀ ನೋಡಿದವನು ಗಂಡ. ಒಮ್ಮೆ ಬಿಚ್ಚಿದ್ದು ಮೊದಲಿನಂತೆ ನಡೆಯುವುದಿಲ್ಲ ಎಂಬುದು ಅವನ ಎಲುಬಿಗಿಳಿದಿತ್ತು. ಹೆದರಿಕೆಯಲ್ಲಿ ಗ್ರಂಥ ತೆರೆದ. ಬೇಕಾದ ಸಾಲು ಸಿಕ್ಕಿತು.

“ಕೇಳು. ‘ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಹಿಂದಿರುಗಿಸು.’ ದೇವರು ಕೊಟ್ಟ ಮೈಗೆ ಕತ್ತಿ ಹಾಕಿಸಬಾರದು ಅಂತ ಇದೆ ಕಣೆ.”

ಅವಳು ಚೀಲದ ಕಡೆ ನೋಡಿದಳು.

“ಹಂಗಿದೆಯಾ? ನೀವು ಓದಿದೋರು, ನಿಮಗೆ ಗೊತ್ತಿರುತ್ತೆ.”

ಚೀಲ ಬಿಚ್ಚಿ ಬಟ್ಟೆಗಳನ್ನು ಮಡಿಕೆ ಕೆಡದಂತೆ ಮತ್ತೆ ಕಪಾಟಿನಲ್ಲಿಟ್ಟಳು. ಬಾಗಿಲ ಹತ್ತಿರ ನಿಂತು ಮಗಳು ಎಲ್ಲವನ್ನೂ ನೋಡುತ್ತಿದ್ದಳು.

*

ಪ್ರಾರ್ಥನೆ ಮನೆಯ ಹಿರಿಯರು ಸಾವಿನ ಮನೆಗೆ ಬಂದು ಕೂತದ್ದೇ ತಡ, ಗಡಿಯಾರದವನು ಅವರ ಮೊಣಕಾಲು ಹಿಡಿದುಕೊಂಡ.

“‘ಕೊಟ್ಟ ಹಾಗೆಯೇ ಹಿಂದಿರುಗಿಸು’ ಅನ್ನೋ ಸಾಲಿನ ಅರ್ಥ ಕತ್ತಿ ಹಾಕಿಸಬಾರದು ಅಂತಲೇ ತಾನೇ? ನನ್ನ ನಾದಿನಿಗೆ ಒಂದು ಮಾತು ಹೇಳಿ.”

“ಹಾಗೆ ಓದೋರೂ ಇದ್ದಾರಪ್ಪ,” ಎಂದರು ಹಿರಿಯರು ಮೆಲ್ಲಗೆ. “ನಾನು ಮನಸ್ಸಿಗೆ ಹೇಳಿದ್ದು ಅಂತ ಓದ್ತೀನಿ. ದ್ವೇಷ ಹೊತ್ಕೊಂಡು ದೇವರ ಹತ್ತಿರ ಬರಬೇಡ ಅಂತ. ಮೈ ವಿಷಯ ಆದ್ರೆ, ನನಗೇ ಹರ್ನಿಯಾ ಆಪರೇಷನ್ ಆಗಿದೆಯಲ್ಲ.”

“ನಿಮಗಾ?”

“ಹೂಂ. ಮೊದಲೇ ಒಂದು ಮಾತು ಕೇಳಬಾರದಿತ್ತಾ?”

ಅವನು ಹಿರಿಯರ ಮೊಣಕಾಲು ಬಿಟ್ಟ. ನಾದಿನಿ ಗೆದ್ದವಳಂತೆ ಕಾಣಲಿಲ್ಲ. ಗೋಡೆಗೆ ತಲೆ ಆನಿಸಿ ಅತ್ತಳು.

ಮಗಳು ಬಂದು ಅವನ ತೋಳು ಹಿಡಿದು ಹಿತ್ತಲಿಗೆ ಕರೆದೊಯ್ದಳು. ಸಮಾಧಾನ ಹೇಳಲು ಬಂದವಳ ದನಿಯಲ್ಲಿ ಹೇಳಿದಳು:

“ಅವರ ಮಾತು ತಲೆಗೆ ಹಾಕ್ಕೋಬೇಡಪ್ಪ. ನೀನು ಓದಿದ್ದೇ ಸರಿ. ನನಗೂ ಗಂಟಾಗಿದೆ. ಅಮ್ಮನಿಗಿದ್ದ ಕಡೆನೇ. ನಾನೂ ಅಮ್ಮನ ಥರಾನೇ ಇರ್ತೀನಿ.”

“ಡಾಕ್ಟರಿಗೆ ತೋರಿಸಿದ್ಯಾ?”

“ಯಾಕೆ ತೋರಿಸ್ಲಿ?”

“ಅಯ್ಯೋ, ನಾನು ಓದಿದ್ದು ತಪ್ಪು ಕಣಮ್ಮ! ಹೆದರಿಕೆಗೆ ಓದಿದ್ದು. ಸುಳ್ಳು. ನಾಳೆನೇ ಹೋಗೋಣ.”

ಮಗಳು ಕೈ ಬಿಟ್ಟಳು. “ಹಾಗಾದ್ರೆ ನಮ್ಮಮ್ಮ ಅಷ್ಟು ನೋವು ತಿಂದಿದ್ದು ಯಾತಕ್ಕೆ? ನೀನು ತಪ್ಪು ಓದಿದ್ದಕ್ಕಾ?”

ಅವನು ಹೌದೆಂದ. ಅವಳು ತಲೆ ಅಲ್ಲಾಡಿಸಿದಳು. “ಇಲ್ಲ. ದುಃಖದಲ್ಲಿ ನಿನ್ನ ನಂಬಿಕೆ ಅಲುಗಾಡ್ತಿದೆ. ನನ್ನದು ಅಲುಗಾಡಲ್ಲ.”

*

ಹೆಂಡತಿಯನ್ನು ಗುಂಡಿಗೆ ಇಳಿಸುವಾಗ ಅವನು ಕೂಗಿಯೇಬಿಟ್ಟ. “ಕೇಳಿ ಎಲ್ಲರೂ! ಇವಳನ್ನ ಸಾಯಿಸಿದ್ದು ನಾನು. ನಾನು ಓದಿದ್ದು ಸುಳ್ಳು!” ಹಿರಿಯರು ಅವನ ಬೆನ್ನು ಸವರಿದರು. ಹೆಂಡತಿ ಹೋದವರು ಹೀಗೆಲ್ಲ ಆಡುತ್ತಾರೆ ಎಂದು ಯಾರೋ ಪಿಸುಗುಟ್ಟಿದರು.

“ಇವಳಿಗೂ ಇದೆಯಮ್ಮ,” ಎಂದ ಅವನು ನಾದಿನಿಯ ಕಡೆ ತಿರುಗಿ, ಮಗಳನ್ನು ತೋರಿಸುತ್ತಾ. “ಅದೇ ಗಂಟು.”

ನಾದಿನಿ ಹುಡುಗಿಯ ಮುಖ ನೋಡಿದಳು. ಆಮೇಲೆ ಅವಳ ಒಂದು ತೋಳು ಹಿಡಿದಳು. ಇನ್ನೊಂದನ್ನು ಅವನು ಹಿಡಿದ. ಇಬ್ಬರೂ ಸೇರಿ ಅವಳನ್ನು ರಸ್ತೆಯ ಕಡೆಗೆ ಎಳೆದರು.

ಮಗಳು ಬಿಡಿಸಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಮೈಯ ಭಾರವನ್ನೆಲ್ಲ ಬಿಟ್ಟು ಗುಂಡಿಯ ಪಕ್ಕದ ಹಸಿ ಮಣ್ಣಿನ ಮೇಲೆ ಕುಳಿತುಬಿಟ್ಟಳು. ಅವನೂ ನಾದಿನಿಯೂ ಏದುಸಿರು ಬಿಡುತ್ತಾ ಅವಳನ್ನು ಎತ್ತಲು ನೋಡುತ್ತಲೇ ಇದ್ದರು. ಮಣ್ಣು ಎಳೆಯಲು ಬಂದಿದ್ದವರು ಸನಿಕೆ ಹಿಡಿದು ಕಾಯುತ್ತಾ ನಿಂತರು.