ಗಿಡ್ಡ ಸ್ಟೂಲು

ನಮ್ಮ ವಾರ್ಡಿನ ಅಧ್ಯಕ್ಷನಿಗೆ ಮನುಷ್ಯರ ಕಾಲಿನ ವಿಷಯ ಡಾಕ್ಟರಿಗಿಂತ ಚೆನ್ನಾಗಿ ಗೊತ್ತು. ಎಷ್ಟು ಹೊತ್ತು ನಿಂತರೆ ಮೊಣಕಾಲು ನಡುಗುತ್ತದೆ, ಯಾವಾಗ ಸೊಂಟ ಕೈಕೊಡುತ್ತದೆ ಅನ್ನುವುದೆಲ್ಲ ಅವನಿಗೆ ಬಾಯಿಪಾಠ. ವಾರ್ಡ್ ಸಭೆಯ ಹಾಲಿನಲ್ಲಿ ಇರುವುದೇ ಕೆಲವು ಸಾಲು ಕುರ್ಚಿ. ಅವನ ಕಡೆಯವರು ಮೊದಲೇ ಬಂದು ಅದರಲ್ಲಿ ತಳವೂರಿರುತ್ತಾರೆ. ನಾವು ಹಿಂದೆ ಗೋಡೆಗೆ ಒರಗಿ ನಿಲ್ಲಬೇಕು. ಬೀದಿದೀಪದ ವರದಿ, ಚರಂಡಿಯ ವರದಿ ಅಂತ ಎಳೆದೂ ಎಳೆದೂ, ನಿಂತವರು ಒಬ್ಬೊಬ್ಬರಾಗಿ ಮನೆ ದಾರಿ ಹಿಡಿದ ಮೇಲೆ ಅಸಲು ವಿಷಯ ಮತಕ್ಕೆ ಬರುತ್ತದೆ. ಕೂತವರು ಕೈ ಎತ್ತುತ್ತಾರೆ, ಸಭೆ ಮುಗಿಯುತ್ತದೆ.

ನಮ್ಮ ಬೀದಿಯ ನೀರಿನ ನಲ್ಲಿ ಕೈತಪ್ಪಿ ಹೋಗಿದ್ದು ಹೀಗೇ. ನಮ್ಮದು ರಿಪೇರಿಯವರ ಬೀದಿ. ಚಪ್ಪಲಿ, ಗಡಿಯಾರ, ಸ್ಟೋವು, ಏನು ಕೆಟ್ಟರೂ ಜನ ಇಲ್ಲಿಗೇ ಬರುತ್ತಾರೆ. ನಾನು ಬ್ಯಾಗಿನ ಜಿಪ್ಪು ಮತ್ತು ಕೊಡೆ ಸರಿಮಾಡುತ್ತೇನೆ. ಪಕ್ಕದಲ್ಲಿ ನನ್ನ ಅತ್ತೆ ಬೀಗ ಬಿಚ್ಚಿಕೊಂಡು ಕೂತಿರುತ್ತಾರೆ. ಅವರ ಮೊಣಕಾಲು ಕೆಟ್ಟು ಬಹಳ ಕಾಲವಾಯಿತು. ನಲ್ಲಿಯ ಸಭೆಯ ದಿನ ಚರಂಡಿ ವರದಿಯವರೆಗೆ ಹಲ್ಲು ಕಚ್ಚಿ ನಿಂತಿದ್ದರು. ಆಮೇಲೆ ಆಗದೆ ನೆಲಕ್ಕೆ ಕೂತರು. ಯಾರೋ ಒಬ್ಬ ಬಂದು, "ಅಜ್ಜಿ, ಇಲ್ಲೆಲ್ಲ ಕೂರಬಾರದು, ದಾರಿಗೆ ಅಡ್ಡ" ಅಂದ. ನಾನು ಅವರ ತೋಳು ಹಿಡಿದು ಮನೆಗೆ ಕರೆತಂದೆ. ನಾವು ಮನೆ ತಲುಪುವಷ್ಟರಲ್ಲಿ ನಲ್ಲಿ ನಮ್ಮದಾಗಿ ಉಳಿದಿರಲಿಲ್ಲ. ಅವತ್ತಿನ ಸಿಟ್ಟು ನನ್ನ ಹೊಟ್ಟೆಯಲ್ಲಿ ಹಾಗೇ ಕೂತಿದೆ.

ಈಗ ಅಧ್ಯಕ್ಷನ ಕಣ್ಣು ಬೀದಿಯ ಮೇಲೇ ಬಿದ್ದಿತ್ತು. ನಮ್ಮನ್ನೆಲ್ಲ ಎಬ್ಬಿಸಿ ಕಾರು ನಿಲ್ಲಿಸುವ ಜಾಗ ಮಾಡಬೇಕಂತೆ. ಮುಂದಿನ ಸಭೆಯಲ್ಲಿ ಮತ. ವಾರ್ಡಿನಲ್ಲಿ ದುಡಿಯುವವರೂ ಕೈ ಎತ್ತಬಹುದು ಅಂತ ಕಾನೂನಿದೆ, ಆದರೆ ಕೈ ಎತ್ತಲು ಮೊದಲು ಕಾಲು ನಿಲ್ಲಬೇಕಲ್ಲ.

ನಮ್ಮಂಥ ಸಣ್ಣ ಗುಂಪುಗಳಿಗೆ ಸಣ್ಣ ನೆರವು ಕೊಡುವ ಒಂದು ನಿಧಿ ಇದೆ ಅಂತ ಗೊತ್ತಾಗಿದ್ದು ಆಗಲೇ. ನಿಧಿಯ ಕಡೆಯಿಂದ ಒಬ್ಬ ಹುಡುಗಿ ಬಂದಳು. ಕೊಡೆಗಳ ರಾಶಿ ಸರಿಸಿ ನನ್ನೆದುರು ಕೂತು, "ಏನು ಬೇಕು ನಿಮಗೆ?" ಅಂತ ಕೇಳಿದಳು.

"ಮೈಕ್ ಸೆಟ್ಟು!" ಅಂತ ಕೂಗಿದವನು ಸ್ಟೋವು ರಿಪೇರಿಯವನು. ಅವನ ಗಂಟಲು ಎಂಥದ್ದೆಂದರೆ ಬೀದಿಯಲ್ಲಿ ಎಲ್ಲರೂ ಅವನನ್ನು ಕರೆಯುವುದೇ ಮೈಕು ಅಂತ.

"ನಿಂಗ್ಯಾಕೋ ಮೈಕು?" ಅಂದೆ. "ನೀನು ಪಿಸುಗುಟ್ಟಿದ್ರೇ ಆಚೆ ಬೀದಿಯೋರು ಬಾಗಿಲು ತೆಗೀತಾರೆ. ನಮಗೆ ಬೇಕಾಗಿರೋದು ಸ್ಟೂಲು. ತಲೆಗೊಂದು ಸ್ಟೂಲು."

ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. "ಸ್ಟೂಲಾ? ಅಕ್ಕ, ಜಾಗೃತಿ ಅಂತ ಏನಾದ್ರೂ ಸೇರಿಸಿದ್ರೆ ನಮ್ಮೋರು ಬೇಗ ಒಪ್ತಾರೆ."

"ನಾವು ಜಾಗೃತರಾಗೇ ಇದೀವಮ್ಮ. ಕಾಲು ನೋಯ್ತಿದೆ, ಅಷ್ಟೇ."

ಅವಳು ನಗಲಿಲ್ಲ. ಹಾಲಿನಲ್ಲಿ ಏನು ನಡೆಯುತ್ತದೆ ಅಂತ ಕೇಳಿಕೊಂಡಳು. ಆಮೇಲೆ ನಾನು ಹೇಳಿದ ಮಾತನ್ನೇ ಅಚ್ಚುಕಟ್ಟಾಗಿ ಬರೆದುಕೊಂಡು ಹೋಗಿ, ಅಲ್ಲಿ ಯಾರ ಹತ್ತಿರ ಜಗಳವಾಡಿದಳೋ ಏನೋ, ನೆರವು ಕೊಡಿಸಿಯೇ ಬಿಟ್ಟಳು. ಮೈಕು ಮಾತ್ರ ಮುಖ ಊದಿಸಿಕೊಂಡೇ ಇದ್ದ. ಹೋರಾಟಕ್ಕೆ ಅಂತ ಬಂದ ಹಣವನ್ನು ಕೂರುವುದಕ್ಕೆ ಹಾಕಿದೆ ಅಂತ ಬೀದಿಯೆಲ್ಲ ಡಂಗುರ ಹೊಡೆದ.

ಮೂಲೆಯ ಬಡಗಿ ಸ್ಟೂಲು ಮಾಡಿದ. ಗಟ್ಟಿಮುಟ್ಟಾದ ಕೆಲಸ. ಎತ್ತಿ ನೋಡಿದೆವು, ಕೂತು ನೋಡಿದೆವು, ಭೇಷ್ ಅಂದೆವು. ಸಭೆಯ ಸಂಜೆ ಒಬ್ಬೊಬ್ಬರೂ ಒಂದೊಂದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೆವು.

ಬಾಗಿಲಲ್ಲೇ ಅಧ್ಯಕ್ಷ ತಡೆದ. "ಏನಿದು? ಯಾರದೋ ದುಡ್ಡಲ್ಲಿ ರಾಜಕೀಯ ಮಾಡೋಕೆ ಬಂದ್ರಾ?"

"ನೀವು ಕೂರೋ ಕುರ್ಚಿ ಯಾರ ದುಡ್ಡು ಸ್ವಾಮಿ?" ಅಂತ ಕೇಳಿದೆ. "ನಮ್ಮ ತೆರಿಗೇದು. ಅದನ್ನ ಬಿಟ್ಟುಕೊಡ್ತೀರಾ, ಇಲ್ಲ ಇದನ್ನ ಒಳಗೆ ಬಿಡ್ತೀರಾ?"

ಬಿಟ್ಟ. ಹಿಂದೆ ಸ್ಟೂಲು ಹಾಕಿಕೊಂಡು ಕೂತೆವು. ಕೂತ ಮೇಲೆ ಗೊತ್ತಾಯಿತು. ಬಡಗಿ ಸ್ಟೂಲುಗಳನ್ನು ಗೇಣೆತ್ತರಕ್ಕೆ ಮಾಡಿದ್ದ! ಬೀದಿಯಲ್ಲಿ ನಾವು ದಿನವಿಡೀ ಕೂರುವ ಹಲಗೆಯ ಎತ್ತರವೇ ಅದು. ಜೀವನವಿಡೀ ನೆಲಕ್ಕೆ ಅಂಟಿಕೊಂಡು ಕೆಲಸ ಮಾಡಿದವರಿಗೆ ಸ್ಟೂಲು ಅಂದರೆ ಅಷ್ಟೇ. ಅವನೂ ಯೋಚಿಸಿರಲಿಲ್ಲ, ನಾವೂ ಯಾರೂ ಗಮನಿಸಿರಲಿಲ್ಲ. ಈಗ ಕುರ್ಚಿಗಳ ಬೆನ್ನಿನ ಹಿಂದೆ ಕೂತಾಗ ಕಾಣುತ್ತಿದ್ದದ್ದು ಬರೀ ಬೆನ್ನುಗಳು. ಮೈಕು ನನ್ನ ಕಡೆ ತಿರುಗಿ, "ಮೈಕ್ ತಂದಿದ್ರೆ..." ಅಂದ. ನಾನು ನೋಡಿದ ನೋಟಕ್ಕೆ ಉಳಿದದ್ದನ್ನು ನುಂಗಿಕೊಂಡ.

ಆದರೂ ಕೂತೆವು. ಬೀದಿದೀಪ ಮುಗಿಯಿತು, ಚರಂಡಿ ಮುಗಿಯಿತು. ಅಧ್ಯಕ್ಷ ಹಳೆಯ ವರದಿಯೊಂದನ್ನು ಮತ್ತೆ ಓದಿಸಿದ. ನಾವು ಅಲ್ಲಾಡಲಿಲ್ಲ. ಅತ್ತೆಯಂತೂ ಬೆಳಿಗ್ಗೆಯಿಂದ ಸಂಜೆವರೆಗೆ ಹಾಗೆ ಕೂತು ಅಭ್ಯಾಸವಿದ್ದವರು. ಚೀಲದಿಂದ ಒಂದು ಬೀಗ ತೆಗೆದು ಅದರ ಒಳಗನ್ನು ಕೆರೆಯುತ್ತಾ ಕೂತರು. ಕೊನೆಗೆ ಕುರ್ಚಿಯವರಿಗೇ ಆಕಳಿಕೆ ಬಂತು.

ಬೇರೆ ದಾರಿಯಿಲ್ಲದೆ ಅಧ್ಯಕ್ಷ ಬೀದಿಯ ವಿಷಯ ಎತ್ತಿದ. "ಪರವಾಗಿರೋರು ಕೈ ಎತ್ತಿ" ಅಂದ. ಅವನ ಕಡೆಯವರು ಎದ್ದು ನಿಂತು ಕೈ ಎತ್ತಿದರು. ಆಮೇಲೆ ಕೂರಬೇಕಿತ್ತು, ಕೂರಲಿಲ್ಲ. ಮೇಜಿನ ಎದುರು ಗೋಡೆ ಕಟ್ಟಿದ ಹಾಗೆ ನಿಂತೇ ಇದ್ದರು.

"ವಿರೋಧ ಇರೋರು?"

ನಾವು ಕೈ ಎತ್ತಿದೆವು.

"ನಂಗೆ ಯಾವ ಕೈಯೂ ಕಾಣ್ತಿಲ್ಲಪ್ಪ" ಅಂದ ಅಧ್ಯಕ್ಷ, ಕೂತಲ್ಲಿಂದ ಕದಲದೆ.

ಎದ್ದು ನಿಂತು ಎತ್ತಿದೆವು. ಎದುರಿನ ಬೆನ್ನುಗಳು ಇನ್ನಷ್ಟು ಒತ್ತೊತ್ತಾಗಿ ನಿಂತವು. "ಈಗಲೂ ಕಾಣ್ತಿಲ್ಲ. ಬರ್ಕೊಳ್ರೀ, ಸರ್ವಾನುಮತ" ಅಂತ ಗುಮಾಸ್ತನಿಗೆ ಹೇಳಿದ. ಮೈಕು ಕಿರುಚಿದ, ಎಲ್ಲರೂ ಕಿರುಚಿದೆವು. ಬೀದಿ ಹೋಯಿತು ಅಂತಲೇ ಅನ್ನಿಸಿತು. ನನಗೆ ಅಳು ಬಂತು, ಸಿಟ್ಟಿನ ಅಳು.

ಆಗ ಅತ್ತೆ ಬೀಗವನ್ನು ಚೀಲಕ್ಕೆ ಹಾಕಿದರು. ನನ್ನ ಭುಜ ಹಿಡಿದುಕೊಂಡರು. "ಗಟ್ಟಿಯಾಗಿ ನಿಂತ್ಕೊಳೇ" ಅಂದರು. ಒಂದು ಕಾಲು ಸ್ಟೂಲಿನ ಮೇಲಿಟ್ಟರು. ನೋವಿಗೆ ಅವರ ಉಗುರು ನನ್ನ ಭುಜಕ್ಕೆ ನಾಟಿತು. ಇನ್ನೊಂದು ಕಾಲನ್ನೂ ಎಳೆದುಕೊಂಡು ಮೇಲೆ ಹತ್ತಿ ನಿಂತು ಕೈ ಎತ್ತಿದರು. ಬೆನ್ನುಗಳ ಗೋಡೆಯ ಮೇಲೆ ಅವರ ನರೆತ ತಲೆ, ಅದರ ಮೇಲೆ ಎಣ್ಣೆ ಮೆತ್ತಿದ ಕೈ.

"ಈಗ ಕಾಣ್ತದಾ?"

ಅವರ ಹಿಂದೆಯೇ ಬಡಗಿ ಹತ್ತಿದ. ಮೈಕು ಹತ್ತಿದ, ನಾನೂ ಹತ್ತಿದೆ. ಗೇಣೆತ್ತರ ಸಾಕಾಯಿತು. ಸಭೆ ಶುರುವಾದ ಮೇಲೆ ಅಧ್ಯಕ್ಷನ ಮುಖ ಮೊದಲ ಬಾರಿಗೆ ನನಗೆ ಪೂರ್ತಿ ಕಂಡಿತು, ಬಿಳಿಚಿಕೊಂಡಿತ್ತು.

"ಇದೇನು ಸರ್ಕಸ್ಸಾ? ಇಳೀರಿ ಕೆಳಗೆ!"

"ಎಣಿಸು" ಅಂದರು ಅತ್ತೆ. "ಎಣಿಸಿದ್ಮೇಲೆ ಇಳೀತೀವಿ."

ಗುಮಾಸ್ತ ಅಧ್ಯಕ್ಷನ ಕಡೆ ನೋಡಿದ, ನಮ್ಮ ಕಡೆ ನೋಡಿದ. ಹಾಲಿನಲ್ಲಿ ಅಷ್ಟು ಕೈ ಕಾಣುತ್ತಿರುವಾಗ ಸರ್ವಾನುಮತ ಅಂತ ಬರೆಯಲು ಅವನಿಗೂ ಧೈರ್ಯ ಸಾಲಲಿಲ್ಲ. ಬೆರಳು ಮುಂದೆ ಮಾಡಿ ಎಣಿಸಿದ. ಆಮೇಲೆ ಎದುರಿನವರನ್ನೂ ಎಣಿಸಿದ. ನಾವೇ ಹೆಚ್ಚಿದ್ದೆವು, ಕೂದಲೆಳೆಯಷ್ಟಲ್ಲ, ಧಾರಾಳವಾಗಿ.

ಎಲ್ಲರೂ ಧುಮುಕಿ ಕುಣಿಯುವಾಗಲೂ ಅತ್ತೆ ಮಾತ್ರ ಇಳಿಯಲಿಲ್ಲ. "ಬರೆದಿದ್ದನ್ನ ಓದು" ಅಂದರು ಗುಮಾಸ್ತನಿಗೆ. ಪ್ರಸ್ತಾವ ಬಿದ್ದುಹೋಯಿತು ಅಂತ ಅವನು ಗಟ್ಟಿಯಾಗಿ ಓದಿದ. ಅದನ್ನು ಕೇಳಿ ಮುಗಿದ ಮೇಲೆ ಅತ್ತೆ ನನ್ನ ಕಡೆ ಬಗ್ಗಿ, ನನಗಷ್ಟೇ ಕೇಳುವ ಹಾಗೆ, "ಈಗ ಇಳಿಸೇ, ಜೀವ ಹೋಗ್ತಿದೆ" ಅಂದರು. ಮೈಕೂ ನಾನೂ ಸೇರಿ ಅವರನ್ನು ಎತ್ತಿ ಇಳಿಸಿದೆವು.

ಮರುದಿನ ಬಡಗಿ ತಲೆ ತಗ್ಗಿಸಿಕೊಂಡು ನಮ್ಮ ಹತ್ತಿರ ಬಂದ. ತಪ್ಪು ತನ್ನದು, ಸ್ಟೂಲುಗಳಿಗೆ ಉದ್ದ ಕಾಲು ಕೂರಿಸಿ ಕೊಡುತ್ತೇನೆ, ಕೂಲಿ ಬೇಡ ಅಂದ. ಅಧ್ಯಕ್ಷ ಸುಮ್ಮನಿರುವ ಆಸಾಮಿಯಲ್ಲ, ಮುಂದಿನ ಸಭೆ ಇದ್ದೇ ಇದೆ, ನಾನು ಸರಿ ಅನ್ನುವವಳಿದ್ದೆ.

ಅತ್ತೆ ತಮ್ಮ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. "ಮುಟ್ಟಿದ್ರೆ ನೋಡು" ಅಂದರು. "ಎತ್ತರ ಮಾಡಿದ್ರೆ ನಾನು ಹತ್ತೋದು ಹೇಗೆ?"