ನೋಡೋ ಮನೆ

ಕನ್ನಡಕದ ಅಂಗಡಿಯ ಕಿರಿಯ ಯಜಮಾನನಿಗೆ ಬೀದಿಯವರು ಇಟ್ಟ ಹೆಸರು ಅರ್ಧಮಾತು. ಶುರು ಮಾಡಿದ ಯಾವ ಮಾತನ್ನೂ ಅವನು ಮುಗಿಸಿದ್ದನ್ನು ಕಂಡವರಿಲ್ಲ. "ನಿಮ್ಮ ಕನ್ನಡಕ ನಾಳೆ..." ಎಂದು ನಿಲ್ಲಿಸಿ ಗಾಜು ಒರೆಸತೊಡಗುತ್ತಿದ್ದ. ನಾಳೆ ಸಿಗುತ್ತದೋ ಇಲ್ಲ ನಾಳೆಯೂ ಸಿಗುವುದಿಲ್ಲವೋ, ಅದನ್ನು ಗಿರಾಕಿಯೇ ಊಹಿಸಿಕೊಳ್ಳಬೇಕು. ಇಂಥವನ ಜೊತೆ ಸಂಸಾರ ಮಾಡಿ ಮಾಡಿ ಹೆಂಡತಿ ಉಳಿದರ್ಧವನ್ನು ತಾನೇ ತುಂಬಿಕೊಳ್ಳುವುದರಲ್ಲಿ ಪಳಗಿಬಿಟ್ಟಿದ್ದಳು. ಹಾಗೆ ಪಳಗಿದ್ದೇ ಅವಳಿಗೆ ಆ ಭಾನುವಾರ ಮುಳುವಾಯಿತು.

ಅವಳು ಪರದೆ ಅಂಗಡಿಯಲ್ಲಿ ಹೊಲಿಯುವವಳು. ಕಿಟಕಿಯ ಅಳತೆಗೆಂದು ಮನೆಮನೆ ತಿರುಗುವುದರಿಂದ ಊರಿಗೆಲ್ಲ ಪರದೆಯಕ್ಕ. ಕಂಡವರ ಕಿಟಕಿಗಳಿಗೆಲ್ಲ ಪರದೆ ಹೊಲಿದುಕೊಟ್ಟ ಈ ಪರದೆಯಕ್ಕನಿಗೆ ತನ್ನದು ಅಂತ ಇದ್ದದ್ದು ಒಂದೇ ಒಂದು ಕಿಟಕಿ. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಅಣ್ಣತಮ್ಮಂದಿರ ಎರಡು ಸಂಸಾರ. ಅಣ್ಣನಿಗೆ ಮೂರು ಕೋಣೆ, ತಮ್ಮನಿಗೆ ಒಂದು, ಅಡುಗೆಮನೆ ಮಾತ್ರ ಇಬ್ಬರಿಗೂ ಸೇರಿದ್ದು. ಸೇರಿದ್ದು ಅನ್ನುವುದೂ ಬಾಯಿಮಾತಿಗೆ. ಯಾವ ಪಾತ್ರೆ ಯಾವ ಗೂಟಕ್ಕೆ, ಯಾವ ಡಬ್ಬಿ ಯಾವ ಅಟ್ಟಕ್ಕೆ ಅನ್ನುವುದೆಲ್ಲ ಓರಗಿತ್ತಿಯ ಅಪ್ಪಣೆ. ಪರದೆಯಕ್ಕ ಒಂದು ಲೋಟವನ್ನು ಬಲಕ್ಕಿಟ್ಟರೆ ಕಾಲು ಗಂಟೆಯಲ್ಲಿ ಅದು ಎಡಕ್ಕೆ ಬಂದು ಕೂತಿರುತ್ತಿತ್ತು. ಜಗಳವಿಲ್ಲ, ಬೈಗುಳವಿಲ್ಲ. ಲೋಟ ಮಾತ್ರ ಎಡಕ್ಕೆ. ಬೈದಿದ್ದರಾದರೂ ತಿರುಗಿ ಬೈಯಬಹುದಿತ್ತು, ಎಡಕ್ಕೆ ಹೋದ ಲೋಟದ ಜೊತೆ ಯಾರು ಜಗಳವಾಡುತ್ತಾರೆ? ಅವಳಿಗೆ ಬೇಕಾಗಿದ್ದದ್ದು ದೊಡ್ಡ ಮನೆಯಲ್ಲ. ಇಟ್ಟ ಲೋಟ ಇಟ್ಟಲ್ಲೇ ಇರುವ ಒಂದು ಅಡುಗೆಮನೆ, ಅಷ್ಟೇ. ಮದುವೆಯಾದ ಹೊಸತರಿಂದ ಗಂಡನ ಕಿವಿಗೆ ಇದನ್ನು ಹಾಕುತ್ತಲೇ ಬಂದಿದ್ದಳು. ಅವನು "ನೋಡೋಣ..." ಎನ್ನುತ್ತಿದ್ದ.

ಆ ವಾರ ಊಟದ ಹೊತ್ತಿನಲ್ಲಿ ಅವನು ತಾನಾಗಿಯೇ ಬಾಯಿಬಿಟ್ಟ. "ಭಾನುವಾರ ಮನೆ ನೋಡೋಕೆ ಹೋಗೋಣ. ಆ ಕೆಂಪು ಕನ್ನಡಕದ ಮೇಡಂ ಬಸ್ಸಲ್ಲಿ ಕರ್ಕೊಂಡು..."

ಅಷ್ಟರಲ್ಲಿ ಕೆಳಗಿನಿಂದ ಅಣ್ಣ ಕೂಗಿದ, ಇವನು ಕೈ ತೊಳೆದು ಎದ್ದುಹೋದ.

ನಡೆದದ್ದು ಇಷ್ಟೇ. ಕೆಂಪು ಕನ್ನಡಕದ ಮೇಡಂ ಹೆಸರುವಾಸಿ ಆರ್ಕಿಟೆಕ್ಟ್ ಒಬ್ಬ ಕಟ್ಟಿಸಿದ ಮನೆಗಳನ್ನು ಗುಂಪುಗುಂಪಾಗಿ ಜನರಿಗೆ ತೋರಿಸುವ ಗೈಡು. ತನ್ನ ಕನ್ನಡಕದ ಮೇಲೆ ತಾನೇ ಕೂತು, ಅದರ ಕಾಲು ಮುರಿದು, ಪ್ರವಾಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಓಡಿಬಂದಿದ್ದಳು. ಅರ್ಧಮಾತು ನಿಂತ ಕಾಲಲ್ಲೇ ಸರಿಮಾಡಿಕೊಟ್ಟ. ಖುಷಿಗೆ ಅವಳು ಎರಡು ಟಿಕೆಟ್ ಕೊಟ್ಟುಹೋದಳು. ಆ ಮನೆಗಳಲ್ಲಿ ಗಾಜಿನ ಕೆಲಸ ಭಾರಿ ಚೆನ್ನಾಗಿದೆಯೆಂದು ಕೇಳಿದ್ದ ಇವನಿಗೂ ನೋಡುವ ಆಸೆ. ಇದಿಷ್ಟನ್ನೂ ಹೆಂಡತಿಗೆ ಹೇಳಿಯೇ ಇದ್ದೇನೆಂದು ಆ ಮಹರಾಯ ನಂಬಿಕೊಂಡಿದ್ದ.

ಪರದೆಯಕ್ಕ ಕೇಳಿಸಿಕೊಂಡದ್ದೇ ಬೇರೆ. ಮನೆ ನೋಡೋಕೆ ಹೋಗುವುದು ಅಂದರೆ ಇನ್ನೇನಿದೆ? ಬಾಡಿಗೆಗೋ ಭೋಗ್ಯಕ್ಕೋ ಕೊಳ್ಳುವುದಕ್ಕೋ ಹೋಗುವುದು. ಕೆಂಪು ಕನ್ನಡಕದವಳು ಮನೆ ತೋರಿಸುವ ದಲ್ಲಾಳಿ. ಅಂತೂ ಗಂಡನಿಗೆ ಬುದ್ಧಿ ಬಂತು ಎಂದು ಅವಳಿಗೆ ಆ ರಾತ್ರಿಯಿಂದಲೇ ನಿದ್ದೆ ಹತ್ತಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಗುವ ಸಂಗತಿಯಾಗುತ್ತಿತ್ತು. ಭಾನುವಾರ ಬೆಳಿಗ್ಗೆ ಅವಳು ಒಳ್ಳೆಯ ಬಟ್ಟೆ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಾಗ ಓರಗಿತ್ತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನಮ್ಮ, ಸವಾರಿ ಎಲ್ಲಿಗೋ?"

"ಮನೆ ನೋಡೋಕೆ, ಅಕ್ಕ."

"ಯಾರ ಮನೆ?"

"ನಮ್ಮ ಮನೆ."

ಪರದೆಯಕ್ಕ ಕುಡಿದಿಟ್ಟ ಲೋಟವನ್ನು ಓರಗಿತ್ತಿ ಎತ್ತಿ ತೊಳೆದು ಎಡಕ್ಕಿಟ್ಟಳು. ಅದನ್ನು ನೋಡಿದ್ದೇ ಪರದೆಯಕ್ಕನಿಗೆ ಎಲ್ಲಿತ್ತೋ ಏನೋ, ಸಿಟ್ಟು ಉಕ್ಕಿ ಬಂತು. "ಬರೋ ತಿಂಗಳು ರೂಮು ಖಾಲಿ ಮಾಡ್ತೀವಿ ಅಕ್ಕ. ಆಮೇಲೆ ಎಲ್ಲಾ ಲೋಟಾನೂ ನಿಮಗೆ ಬೇಕಾದ ಕಡೆ ಇಟ್ಕೊಳ್ಳಿ!"

"ನಿಜವಾಗ್ಲೂ? ಒಳ್ಳೇದಾಯ್ತು ಬಿಡು. ನಮ್ಮ ಮಗನೂ ಸೊಸೆನೂ ಬಾಡಿಗೆ ಮನೇಲಿ ಜಾಗ ಇಲ್ಲ ಅಂತ ಒದ್ದಾಡ್ತಾ ಇದ್ರು. ಈಗ್ಲೇ ಫೋನ್ ಮಾಡ್ತೀನಿ." ಹೇಳಿದವಳೇ ಫೋನ್ ಎತ್ತಿಕೊಂಡು ಕೋಣೆಯೊಳಗೆ ಹೋದಳು.

ಮೆಟ್ಟಿಲಿಳಿಯುತ್ತಲೇ ಪರದೆಯಕ್ಕ ಲೆಕ್ಕ ಹಾಕಿದಳು. ಇವತ್ತು ಒಂದು ಮನೆ ಗೊತ್ತುಮಾಡಲೇಬೇಕು. ಬರಿಗೈಯಲ್ಲಿ ವಾಪಸ್ ಬಂದರೆ ಆ ಅಡುಗೆಮನೆಯಲ್ಲಿ ತಲೆ ಎತ್ತಿ ನಿಲ್ಲುವ ಹಾಗಿಲ್ಲ.

ಬಸ್ಸಿನಲ್ಲಿ ಗಂಡನಿಗೆ ಮುಂದೆ ಸೀಟು, ಅವಳಿಗೆ ಹಿಂದೆ. ತುಂಬ ಜನರಿದ್ದರು. ಇಷ್ಟೊಂದು ಜನ ಮನೆಗಿರಾಕಿಗಳೇ? ಪಕ್ಕದಲ್ಲಿ ಕ್ಯಾಮೆರಾ ನೇತುಹಾಕಿಕೊಂಡ ಉದ್ದನೆಯ ಮನುಷ್ಯ ಕೂತಿದ್ದ. ನಿವೃತ್ತ ಮೇಷ್ಟರಂತೆ, ಅವನೇ ಹೇಳಿಕೊಂಡ.

"ನಾನು ಇದೇ ಮನೆಗಳನ್ನ ಮೂರನೇ ಸಲ ನೋಡ್ತಾ ಇರೋದು," ಎಂದರು ಮೇಷ್ಟರು.

"ಮೂರು ಸಲ ನೋಡಿದ್ರೂ ತೀರ್ಮಾನ ಆಗ್ಲಿಲ್ವಾ?"

"ಎಷ್ಟು ಸಲ ನೋಡಿದ್ರೂ ಸಾಕಾಗಲ್ಲಮ್ಮ."

ಚೌಕಾಸಿ ಮಾಡುವುದರಲ್ಲಿ ಘಾಟಿ ಆಸಾಮಿ ಇರಬೇಕೆಂದು ಅವಳು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು. ಅಷ್ಟರಲ್ಲಿ ಕೆಂಪು ಕನ್ನಡಕದವಳು ಮೈಕ್ ಹಿಡಿದು, ಈ ಮನೆಗಳನ್ನು ಇದುವರೆಗೆ ಸಾವಿರಾರು ಜನ ನೋಡಿದ್ದಾರೆಂದು ಹೆಮ್ಮೆಯಿಂದ ಸಾರಿದಳು. ಸಾವಿರಾರು ಜನ ನೋಡಿ ಬೇಡ ಅಂದುಹೋದ ಮನೆ ಅಂದಮೇಲೆ ಏನೋ ಊನ ಇರಲೇಬೇಕು. ಅದನ್ನು ಮೈಕಿನಲ್ಲಿ ಹೇಳಿಕೊಳ್ಳುವ ದಲ್ಲಾಳಿಯನ್ನು ಅವಳು ಇವತ್ತೇ ಕಂಡದ್ದು.

ಮೊದಲನೆಯ ಮನೆಗೆ ಗೋಡೆಯೇ ಇರಲಿಲ್ಲ. ನೆಲದಿಂದ ಚಾವಣಿಯ ತನಕ ಬರೀ ಗಾಜು. ಒಳಗೆ ಹೋಗುವ ಮೊದಲು ಎಲ್ಲರ ಕಾಲಿಗೂ ಬಟ್ಟೆಯ ಚೀಲ ಹಾಕಿಸಿದರು. ಪರದೆಯಕ್ಕ ಅಭ್ಯಾಸಬಲದಿಂದ ಎರಡೂ ಕೈ ಚಾಚಿ ಗಾಜನ್ನು ಅಳೆಯತೊಡಗಿದಳು. ಒಂದು ಮಾರು, ಎರಡು ಮಾರು, ಮುಗಿಯುವ ಲಕ್ಷಣವೇ ಕಾಣಲಿಲ್ಲ.

"ದಯವಿಟ್ಟು ಮುಟ್ಟಬೇಡಿ," ಎಂದಳು ಗೈಡು.

"ಮುಟ್ಟದೆ ಹೇಗೆ ಹೇಳೋದು? ಇಷ್ಟಕ್ಕೂ ಪರದೆ ಹಾಕೋದು ಎಲ್ಲಿಗೆ?"

"ಪರದೆ ಹಾಕಬಾರದು ಅಂತ ಆರ್ಕಿಟೆಕ್ಟ್ ಕಟ್ಟುನಿಟ್ಟಾಗಿ ಹೇಳಿದ್ರು. ಬೆಳಕೇ ಈ ಮನೆಯ ಗೋಡೆ ಅಂತ ಅವರ ಮಾತು."

ಗುಂಪಿನವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಪರದೆಯಕ್ಕನಿಗೆ ಇದರ ತಲೆಬುಡ ಅರ್ಥವಾಗಲಿಲ್ಲ. ಬೆಳಕೇ ಗೋಡೆಯಾದರೆ ಬಟ್ಟೆ ಬದಲಾಯಿಸುವವರು ಎಲ್ಲಿಗೆ ಹೋಗಬೇಕು? ಗಂಡನ ಕಡೆ ನೋಡಿದರೆ ಅವನು ಮೂಲೆಯಲ್ಲಿ ಎರಡು ಗಾಜು ಸೇರುವ ಜಾಗಕ್ಕೆ ಮೂಗು ಹಚ್ಚಿ ಮೈಮರೆತು ನಿಂತಿದ್ದ. ಅವನಿಗೆ ಈ ಮನೆಯೇ ಹಿಡಿಸಿಬಿಟ್ಟಿತೆಂದು ಅವಳಿಗೆ ಗಾಬರಿಯಾಯಿತು. ಹತ್ತಿರ ಹೋಗಿ ಪಿಸುಗುಟ್ಟಿದಳು.

"ರೀ, ಇದೆಲ್ಲ ನಮ್ಮ ಕೈಗೆಟುಕುತ್ತಾ?"

"ಅದಕ್ಯಾಕೆ ಯೋಚ್ನೆ? ಮೇಡಂ ನಮಗೆ ಬಿಟ್ಟಿಯಾಗಿ..." ಎಂದು ಅವನು ಮತ್ತೆ ಗಾಜಿನತ್ತ ತಿರುಗಿದ.

ಬಿಟ್ಟಿಯಾಗಿ! ಯಾರಾದರೂ ಮನೆಯನ್ನು ಬಿಟ್ಟಿ ಕೊಡುತ್ತಾರೆಯೇ? ಕೊಟ್ಟರೂ ಗೋಡೆಯಿಲ್ಲದ ಇಂಥದ್ದನ್ನೇ ಕೊಟ್ಟಾರು. ಅವಳು ಬಿಟ್ಟ ಬಾಯಿ ಬಿಟ್ಟುಕೊಂಡೇ ಹೊರಬಂದಳು.

ಎರಡನೆಯದು ಬರೀ ಸಿಮೆಂಟು. ಒಳಗೆ ಬಾಗಿಲುಗಳೇ ಇಲ್ಲ, ಮೆಟ್ಟಿಲಿಗೆ ಕೈಹಿಡಿ ಇಲ್ಲ. ಅಡುಗೆಮನೆ ಎಲ್ಲಿ ಅಂದರೆ ಗೈಡು ಒಂದು ಕಪ್ಪು ಕಲ್ಲಿನ ಹಲಗೆ ತೋರಿಸಿದಳು, ಒಲೆ ಅದರೊಳಗೆ ಅಡಗಿದೆಯಂತೆ. ಒಲೆ ಯಾಕೆ ಅಡಗಬೇಕು, ಅದೇನು ತಪ್ಪು ಮಾಡಿದೆ ಎಂದು ಪರದೆಯಕ್ಕ ಕೇಳಿದ್ದಕ್ಕೆ ಎಲ್ಲರೂ ನಕ್ಕರು. ಅವಳಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಒಬ್ಬರೂ ಬೆಲೆ ಕೇಳುವುದಿಲ್ಲ, ನೀರು ಎಷ್ಟು ಹೊತ್ತು ಬರುತ್ತದೆಂದು ಕೇಳುವುದಿಲ್ಲ. ಮೆಟ್ಟಿಲಿನ ನೆರಳಿನ ಫೋಟೋ ತೆಗೆದುಕೊಳ್ಳುತ್ತಾರೆ. ಇವರೆಲ್ಲರಿಗೂ ತಲೆ ಸರಿಯಿಲ್ಲವೋ, ತನಗೊಬ್ಬಳಿಗೇ ಸರಿಯಿಲ್ಲವೋ ಎಂದು ಅನುಮಾನ ಹತ್ತಿತು. ಆದರೂ ಇರಲಿ ಎಂದು ಮೇಷ್ಟರ ಕಿವಿಯಲ್ಲಿ, "ಇಲ್ಲಿ ಮಳೆಗಾಲದಲ್ಲಿ ಗೋಡೆ ಬೆವರುತ್ತೆ ಸಾರ್, ನೋಡ್ಕೊಳ್ಳಿ," ಎಂದು ಊದಿದಳು. ಪೈಪೋಟಿಗೆ ಒಬ್ಬ ಕಡಿಮೆಯಾದರೂ ಲಾಭವೇ.

ಮೂರನೆಯ ಮನೆ ಚಿಕ್ಕದು. ಬಸ್ಸಿನಿಂದ ಇಳಿದವಳೇ ಅವಳು ಸುಮ್ಮನೆ ನಿಂತುಬಿಟ್ಟಳು. ಇಟ್ಟಿಗೆಯ ಗೋಡೆ, ತಗ್ಗಿನ ಮಾಡು, ಬಾಗಿಲು ಅಂದರೆ ಬಾಗಿಲು. ಅದರಲ್ಲಿ ಒಬ್ಬ ಮುದುಕಿ ವಾಸವಾಗಿದ್ದಳು. ಆರ್ಕಿಟೆಕ್ಟ್ ಈ ಮನೆಯನ್ನು ಕಟ್ಟಿದ್ದು ಅವಳ ಗಂಡನಿಗಾಗಿ ಎಂದು ಗೈಡು ಹೇಳಿದ್ದು ಪರದೆಯಕ್ಕನ ಕಿವಿಗೆ ಬೀಳಲಿಲ್ಲ. ಅವಳು ಆಗಲೇ ಅಡುಗೆಮನೆಯಲ್ಲಿದ್ದಳು. ಒಬ್ಬರು ನಿಂತರೆ ಕೈಗೆ ಎಲ್ಲ ಸಿಗುವಷ್ಟು ಜಾಗ. ಒಂದು ಒಲೆ, ಒಂದು ನಲ್ಲಿ, ಮೂಡಲ ಕಡೆಗೆ ಒಂದು ಕಿಟಕಿ. ಕಿಟಕಿಯ ಕಟ್ಟೆಯ ಮೇಲೆ, ಬಲಕ್ಕೆ, ಒಂದು ಲೋಟ.

ಇದೇ. ಬೇರೆ ಮಾತೇ ಇಲ್ಲ, ಇದೇ ತನ್ನ ಮನೆ.

ಗುಂಪು ಮುಂದೆ ಹೋಯಿತು. ಮುದುಕಿ ಮಲಗುವ ಕೋಣೆಯ ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಪರದೆಯಕ್ಕ ನೇರ ಅವಳ ಮುಂದೆ ನಿಂತಳು.

"ಅಮ್ಮ, ನೀವು ಯಾವಾಗ ಖಾಲಿ ಮಾಡ್ತೀರಿ?"

ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. "ಎಲ್ಲಿಗಮ್ಮ ಹೋಗ್ಲಿ ನಾನು?"

"ಅಂದ್ರೆ, ಮನೆ ಕೊಡೋದು ಯಾವಾಗ ಅಂತ. ನಾವು ಬರೋ ತಿಂಗಳೇ ಬರ್ತೀವಿ. ನಾನೂ ನಮ್ಮನೆಯವರೂ ಇಬ್ಬರೇ. ಗಲಾಟೆ ಗದ್ದಲ ಏನೂ ಇರಲ್ಲ."

ಮುದುಕಿಗೆ ನಿಧಾನವಾಗಿ ಅರ್ಥವಾಯಿತು. ಅವಳು ನಗಲಿಲ್ಲ. ಅದನ್ನು ಪರದೆಯಕ್ಕ ಆಮೇಲೆ ಎಷ್ಟೋ ಸಲ ನೆನೆಸಿಕೊಂಡಳು.

"ತಾಯಿ, ಇದು ನೋಡೋ ಮನೆ. ಕೊಡೋ ಮನೆ ಅಲ್ಲ. ಜನ ಟಿಕೆಟ್ ತಗೊಂಡು ಬಂದು ನೋಡಿ ಹೋಗ್ತಾರೆ."

"ನೋಡಿ?"

"ಹೋಗ್ತಾರೆ. ಅಷ್ಟೇ."

ಕ್ಯಾಮೆರಾ, ಕಾಲಿಗೆ ಚೀಲ, ಬಿಟ್ಟಿ, ಮೂರು ಸಲ ನೋಡಿದ ಮೇಷ್ಟರು, ಎಲ್ಲವೂ ಒಂದೊಂದಾಗಿ ಬಂದು ತಂತಮ್ಮ ಜಾಗದಲ್ಲಿ ಕೂತವು. ಪರದೆಯಕ್ಕ ಮುದುಕಿಯ ಮುಖ ನೋಡಲಾರದೆ ಹೋದಳು. ಎಲ್ಲಾದರೂ ನೋಡಬೇಕಲ್ಲ ಎಂದು ಕೋಣೆಯ ಕಿಟಕಿಯತ್ತ ನೋಡಿದಳು. ಚೌಕಟ್ಟಿನ ಎರಡೂ ತುದಿಗೆ ಸಣ್ಣ ಮೊಳೆ ಹೊಡೆದಿತ್ತು.

"ಅದು ಪರದೆಗಾ?" ಎಂದು ಕೇಳಿದಳು, ಕೇಳುವ ಅಭ್ಯಾಸಕ್ಕೆ.

ಮುದುಕಿ ಗುಂಪು ಹೋದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಹಾಕೋ ಹಾಗಿಲ್ಲ. ಈ ಕುರ್ಚಿ ಸರಿಸೋ ಹಾಗೂ ಇಲ್ಲ. ನಮ್ಮೆಜಮಾನ್ರು ಎಲ್ಲದಕ್ಕೂ ಈ ಮನೆ ಕಟ್ಟಿದ ಪುಣ್ಯಾತ್ಮನಿಗೆ ಮಾತು ಕೊಟ್ಟುಬಿಟ್ಟಿದ್ರು. ನೀವೆಲ್ಲ ಹೋದಮೇಲೆ ಹಳೇ ಹೊದಿಕೆ ಒಂದನ್ನ ಸಿಕ್ಕಿಸ್ಕೊಂಡು ಮಲಗ್ತೀನಿ. ಯಾರಿಗೂ ಹೇಳ್ಬೇಡ."

"ಆ ಲೋಟ?"

"ಅದೊಂದು ನನ್ನಿಷ್ಟ," ಎಂದಳು ಮುದುಕಿ.

ಹೊರಗೆ ಬಸ್ಸಿನ ನೆರಳಲ್ಲಿ ಅರ್ಧಮಾತು ಸಂತೋಷದಿಂದ ನಿಂತಿದ್ದ. "ಆ ಗಾಜು ಕೂರಿಸಿರೋ ರೀತಿ ಇದೆಯಲ್ಲ, ಅದು..."

"ನೀವು ಮನೆ ನೋಡೋಕೆ ಅಂದ್ರಿ," ಎಂದಳು ಅವಳು.

"ಹೂಂ. ನೋಡಿದ್ವಲ್ಲ."

"ನೋಡೋಕೆ ಅಂದ್ರೆ ಬರೀ ನೋಡೋಕಾ?"

ಅವನು ಕಣ್ಣು ಕಣ್ಣು ಬಿಟ್ಟ. ಅವಳ ಸಹನೆಯ ಕಟ್ಟೆ ಒಡೆಯಿತು. ಇಡೀ ವಾರ ನಿದ್ದೆಗೆಟ್ಟದ್ದು, ಬೆಳಿಗ್ಗೆ ಓರಗಿತ್ತಿಗೆ ಅಂದದ್ದು, ಮಗ ಸೊಸೆಗೆ ಹೋದ ಫೋನು, ಮುದುಕಿಯನ್ನು ಯಾವಾಗ ಖಾಲಿ ಮಾಡ್ತೀರಿ ಎಂದು ಕೇಳಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಅತ್ತಳು. ಮೇಷ್ಟರು ಕ್ಯಾಮೆರಾ ಇಳಿಸಿ ಬೇರೆ ಕಡೆ ತಿರುಗಿಕೊಂಡರು.

"ನೀವು ಪೂರ್ತಿ ಹೇಳಿದ್ರೆ ನನಗೆ ಈ ಗತಿ ಬರ್ತಿತ್ತಾ? ಈಗ ಯಾವ ಮುಖ ಹೊತ್ಕೊಂಡು ಆ ಅಡುಗೆಮನೆಗೆ ಹೋಗ್ಲಿ?"

ಅರ್ಧಮಾತು ಏನೋ ಹೇಳಹೋಗಿ ಅರ್ಧವನ್ನೂ ಹೇಳಲಾರದೆ ನಿಂತ. ಹೆಂಡತಿಗೆ ಮನೆಯ ಹಂಬಲ ಇದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಒಂದು ಲೋಟಕ್ಕಾಗಿ ಇಷ್ಟು ಅಳು ಒಳಗಿತ್ತು ಅನ್ನುವುದು ಗೊತ್ತಿರಲಿಲ್ಲ. ಆಗಲೇ ಅವನ ಫೋನು ಬಡಿದುಕೊಂಡಿತು. ಅಣ್ಣ. ಅವನು ಜೋರಾಗಿ ಮಾತಾಡುವ ಮನುಷ್ಯ, ಪಕ್ಕದಲ್ಲಿದ್ದ ಅವಳಿಗೂ ಕೇಳಿಸುತ್ತಿತ್ತು.

"ಏನೋ ಇದು, ರೂಮು ಖಾಲಿ ಮಾಡ್ತೀರಂತೆ? ನನಗೊಂದು ಮಾತು ಹೇಳೋದಲ್ವಾ? ಮನೆ ಸಿಕ್ತಾ?"

ಅರ್ಧಮಾತು ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಇಲ್ಲ ಅಣ್ಣ, ಅವಳಿಗೇನೋ ತಪ್ಪು ತಿಳುವಳಿಕೆ ಎಂದರೆ ಮುಗಿಯಿತು, ಅಲ್ಲಿಗೆ ಎಲ್ಲ ಮೊದಲಿನಂತೆಯೇ. ಅವನು ಹಾಗೇ ಅನ್ನುತ್ತಾನೆಂದು ಅವಳು ಅಂದುಕೊಂಡಳು.

"ಇವತ್ತು ಸಿಗಲಿಲ್ಲ ಅಣ್ಣ," ಎಂದ ಅವನು. "ಮುಂದಿನ ಭಾನುವಾರ..." ಅಲ್ಲಿಗೆ ನಿಲ್ಲಿಸಿ ಫೋನನ್ನು ಜೇಬಿಗೆ ಹಾಕಿದ.

ಗೈಡು ಎಲ್ಲರನ್ನೂ ಬಸ್ಸಿಗೆ ಕರೆಯುತ್ತಿದ್ದಳು. ಪರದೆಯಕ್ಕ ಅಲುಗಾಡಲಿಲ್ಲ. ಉಳಿದದ್ದನ್ನು ತಾನೇ ತುಂಬಿಕೊಳ್ಳಬಹುದಿತ್ತು, ಅದರಲ್ಲಿ ಅವಳು ಪಳಗಿದವಳು. ಇನ್ನು ಆ ಕೆಲಸ ಬೇಡ ಎಂದುಕೊಂಡಳು.

"ಮುಂದಿನ ಭಾನುವಾರ ಏನು?"

"ಮನೆ ನೋಡೋಕೆ ಹೋಗೋಣ."

"ನೋಡೋಕೆ?"

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ. ಬಸ್ಸಿನ ಡ್ರೈವರು ಹಾರನ್ ಹೊಡೆದ.

"ಇರೋಕೆ," ಎಂದ ಅರ್ಧಮಾತು. "ನಾನೂ ನೀನೂ ಇರೋಕೆ."