ಖಿನ್ನತೆ ಹತ್ತದ ಇಲಿಗಳು

ಇಲಿಗಳಿಗೆ ದುಃಖವೇ ಹತ್ತಲಿಲ್ಲ.

ಕ್ರಾಕೋವ್ ನಗರದ ಪ್ರಯೋಗಾಲಯದಲ್ಲಿ ಹಾಲ್ಷ್ಕಾಳ ಮೂರು ವರ್ಷದ ಸಂಶೋಧನೆ ಈ ದುಃಖದ ಮೇಲೆಯೇ ನಿಂತಿತ್ತು. ಐದು ವಾರ ಇಲಿಗಳನ್ನು ಸಣ್ಣಪುಟ್ಟದಾಗಿ ಕಾಡಬೇಕು: ಸಂಜೆ ಹಾಸಿನ ಮರದ ಹೊಟ್ಟಿಗೆ ನೀರು ಸುರಿಯುವುದು, ರಾತ್ರಿಯೆಲ್ಲ ದೀಪ ಉರಿಸುವುದು. ಖಿನ್ನತೆ ಬಂದ ಇಲಿಗೆ ಸಕ್ಕರೆ ನೀರೂ ರುಚಿಸುವುದಿಲ್ಲ. ಆಮೇಲೆ ಹೊಸ ಔಷಧ ಕೊಟ್ಟು, ನರಕೋಶಗಳನ್ನು ಚಿಗುರಿಸುವ ಪ್ರೋಟೀನು ಮೆದುಳಿನಲ್ಲಿ ಹೆಚ್ಚಿತೇ ಎಂದು ಅಳೆಯಬೇಕು. ಶುಕ್ರವಾರ ಪ್ರೊಫೆಸರರಿಗೆ ವರದಿ ಒಪ್ಪಿಸಬೇಕು; ಇಲ್ಲವಾದರೆ ಇಲಿಗಳು ಬೇರೆಯವರ ಪಾಲು.

ಇಲ್ಲಿ ನೋಡಿದರೆ ಇಪ್ಪತ್ತನಾಲ್ಕೂ ಇಲಿಗಳು ಬೀಗರೂಟಕ್ಕೆ ಬಂದವರಂತೆ ಸಕ್ಕರೆ ನೀರು ಖಾಲಿ ಮಾಡಿ ಮೀಸೆ ಒರೆಸಿಕೊಳ್ಳುತ್ತಿದ್ದವು.

ಬೆಳಿಗ್ಗೆ ಹಾಸು ಒಣಗಿರುತ್ತಿದ್ದುದನ್ನು ಹಾಲ್ಷ್ಕಾ ಹೀಟರಿನ ಮಹಿಮೆ ಎಂದುಕೊಂಡಿದ್ದಳು. ದೀಪ ಆರಿರುತ್ತಿದ್ದುದನ್ನು ಕಾವಲುಗಾರನ ಜಿಪುಣತನ ಎಂದು. ಬುಧವಾರ ಸಂಜೆ ಏಳಕ್ಕೆ, ಮರೆತ ಕನ್ನಡಕಕ್ಕಾಗಿ ಮರಳಿ ಬಂದಾಗ ಗುಟ್ಟು ರಟ್ಟಾಯಿತು. ಕಸ ಗುಡಿಸುವ ಹೊಸ ಆಯಾ ಗೆನೊವೆಫಾ ಪಂಜರಗಳಿಗೆ ಒಣ ಹೊಟ್ಟು ಹಾಸುತ್ತಿದ್ದಳು. ಮೊದಲು ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿದ್ದವಳು.

"ಅಯ್ಯೋ, ಮುಟ್ಟಬೇಡಿ ಅಂತ ಚೀಟಿ ಅಂಟಿಸಿದ್ನಲ್ಲ!"

"ಓದ್ದೆ ಕಣಮ್ಮ. ಇಲಿ ಮುಟ್ಟಬೇಡಿ ಅಂತಿತ್ತು. ನಾನು ಮುಟ್ಟಿದ್ದು ಹೊಟ್ಟು."

"ಇವಕ್ಕೆ ದುಃಖ ಆಗ್ಬೇಕಿತ್ತು, ಗೆನೊವೆಫಾ ಅವ್ರೇ!"

"ಯಾಕಾಗ್ಬೇಕು? ಯಾರಪ್ಪನ ಗಂಟು ತಿಂದಿವೆ? ಒದ್ದೇಲಿ ಕೂಸು ಮಲಗಿಸಿ ದೀಪ ಹಚ್ಚಿಟ್ಟು ಹೋಗ್ತಾರಾ ಯಾರಾದ್ರೂ?"

ಹಾಲ್ಷ್ಕಾ ಪಂಜರಗಳ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಗೆನೊವೆಫಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಸಕ್ಕರೆ ಡಬ್ಬಿ ಮುಂದೆ ತಳ್ಳಿದಳು.

"ಸಕ್ಕರೆ ಬೇಡ."

"ನಾನು ಬಂದ ಹೊಸದ್ರಲ್ಲಿ ನೀನು ಮೂರು ಚಮಚ ಹಾಕ್ಕೋತಿದ್ದೆ. ಈಗ ಒಂದೂ ಇಲ್ಲ. ನಾನು ತಂದ ಗಸಗಸೆ ಕೇಕೂ ಮುಟ್ಲಿಲ್ಲ. ಕಾಲಲ್ಲಿ ಒದ್ದೆ ಬೂಟು, ನಿನ್ನ ಕೋಣೇಲಿ ರಾತ್ರಿಯೆಲ್ಲ ದೀಪ. ಐದು ವಾರ ನೀನು ಕಾಡಿದ್ದು ಯಾರನ್ನ, ಮಗಳೇ?"

ಹಾಲ್ಷ್ಕಾ ಬೂಟು ನೋಡಿಕೊಂಡಳು. ಹಿಮ ಕರಗಿ ಕಾಲ್ಚೀಲದವರೆಗೆ ಇಳಿದಿತ್ತು. ಪ್ರಯೋಗ ಕೆಟ್ಟಿರಲಿಲ್ಲ, ಪ್ರಾಣಿ ಮಾತ್ರ ಬದಲಾಗಿತ್ತು. ಅವಳಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು. ಒಂದು ಚಮಚ ಸಕ್ಕರೆ ಹಾಕಿಕೊಂಡಳು.

ಶುಕ್ರವಾರ ಪ್ರೊಫೆಸರರ ಮುಂದೆ ನಡೆದದ್ದನ್ನು ನಡೆದ ಹಾಗೆಯೇ ಹೇಳಿ, ಹೊಸ ಯೋಜನೆ ಇಟ್ಟಳು: ಇಲಿಗಳದು ಮೂರು ಗುಂಪು. ಬರೀ ಕಾಡಿ ಬಿಟ್ಟವು, ಕಾಡಿ ಔಷಧ ಕೊಟ್ಟವು, ಕಾಡಿ ಗೆನೊವೆಫಾಳಿಗೆ ಒಪ್ಪಿಸಿದವು. ಮೂರರಲ್ಲೂ ಪ್ರೋಟೀನು ಅಳೆಯುವುದು.

ಪ್ರೊಫೆಸರರು ಕಾಗದ ಓದಿದರು. ಮತ್ತೆ ಐದು ವಾರ ಎಂದು ಬರೆದು ರುಜು ಹಾಕುತ್ತ ಕೇಳಿದರು:

"ಈ ಮೂರನೇದರ ಡೋಸ್ ಎಷ್ಟಮ್ಮ?"

"ದಿನಕ್ಕೊಂದ್ಸಲ ಸರ್. ಸಂಜೆ ಏಳಕ್ಕೆ."